ಅಂಟಿಸಿದವರೇ ಕೀಳಬೇಕು

ನಮ್ಮ ಬೋರ್ಡಿನ ಬೀದಿಯಲ್ಲಿ ಪುಡಿಯಕ್ಕನನ್ನು ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ. ಎರಡೂ ಕೈ ಮಣಿಕಟ್ಟಿನವರೆಗೆ ಬೆಳ್ಳಗೆ, ಈಗಷ್ಟೇ ಹಿಟ್ಟಿನ ಡಬ್ಬದೊಳಗಿಂದ ಎದ್ದು ಬಂದವಳ ಹಾಗೆ. ತಲೆ ಕೆರೆದುಕೊಂಡರೆ ಕೂದಲಲ್ಲೊಂದು ಬಿಳಿ ಪಟ್ಟೆ, ಮೂಗು ಒರೆಸಿಕೊಂಡರೆ ಮೂಗಿನ ತುದಿಯಲ್ಲೊಂದು ಚುಕ್ಕೆ. ಬಸ್ಸಿನಲ್ಲಿ ಹೊಸಬರು ಅವಳ ಕೂದಲು ನೋಡಿ ಮುದುಕಿ ಅಂದುಕೊಂಡು ಎದ್ದು ಜಾಗ ಕೊಡುತ್ತಾರೆ. ಅವಳು ತಿದ್ದಲು ಹೋಗುವುದಿಲ್ಲ, ಕೂರುತ್ತಾಳೆ. ಬಿಟ್ಟಿ ಸಿಕ್ಕ ಮರ್ಯಾದೆಯನ್ನು ಬೇಡ ಅನ್ನುವಷ್ಟು ಸೊಕ್ಕು ತನಗಿಲ್ಲ ಅನ್ನುತ್ತಾಳೆ. ಆ ಪುಡಿ ಬೇರೇನಲ್ಲ, ಮುಖಕ್ಕೆ ಹಚ್ಚುವ ಪೌಡರು. ಅದು ಅವಳ ಕೈಗೆ ಹೇಗೆ ಹತ್ತಿತು ಅನ್ನುವುದೇ ಅವಳ ಅರ್ಧ ಬದುಕಿನ ಕತೆ.

ನಮ್ಮದು ಬೋರ್ಡು ಬರೆಯುವವರ, ಸ್ಟಿಕ್ಕರ್ ಕತ್ತರಿಸುವವರ ಬೀದಿ. ಅಂಗಡಿಯ ಹೆಸರು, ವ್ಯಾನಿನ ಮೈಮೇಲಿನ ಬಣ್ಣದ ಪಟ್ಟಿ, ಆಸ್ಪತ್ರೆಯ ಗೋಡೆಯ ಬಾಣ, ಲಿಫ್ಟಿನ ಬಾಗಿಲ ಮೇಲಿನ 'ಒರಗಬೇಡಿ', ಊರಲ್ಲಿ ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದ ಹೊರಟವು. ನಾನು ಅಕ್ಷರ ಕಲಿತದ್ದೂ ಇಲ್ಲೇ, ಕುಂಚ ಹಿಡಿದುಕೊಂಡು. ಓದಲು ಬರುವ ಮೊದಲೇ ಬರೆಯಲು ಬಂದವನು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸ್ವಲ್ಪ ಜಂಬವೇ ಇದೆ.

ಪುಡಿಯಕ್ಕ ಬರೆಯುವವಳಲ್ಲ, ಕಳೆ ತೆಗೆಯುವವಳು. ಹೊಲದ ಕಳೆಯಲ್ಲ. ಅಂಟುಹಾಳೆಯ ಮೇಲೆ ಅಕ್ಷರ ಕತ್ತರಿಸಿದ ಮೇಲೆ ಅದರ ಸುತ್ತ ಉಳಿದ ಚೂರು, ಸೊನ್ನೆಯ ಹೊಟ್ಟೆಯೊಳಗಿನ ಚೂರು, ಒತ್ತಕ್ಷರದ ಕಂಕುಳಲ್ಲಿ ಅಡಗಿದ ಚೂರು, ಇವನ್ನೆಲ್ಲ ಸೂಜಿಮೊನೆಯಲ್ಲಿ ಎಬ್ಬಿಸಿ ಕಿತ್ತು ತೆಗೆಯಬೇಕು. ಅದನ್ನೇ ನಾವು ಕಳೆ ಅನ್ನುವುದು. ಸ್ವಲ್ಪ ಜೋರು ಮಾಡಿದರೆ ಬೆಳೆಯೂ ಕಿತ್ತು ಬರುತ್ತದೆ. ನಮ್ಮಂಥ ಒರಟು ಕೈಯವರು ಒಂದು ಹಾಳೆ ಮುಗಿಸುವಷ್ಟರಲ್ಲಿ ಇಬ್ಬರನ್ನು ಬೈದು ಮೂರನೆಯವರ ಹತ್ತಿರ ಬೈಸಿಕೊಂಡಿರುತ್ತೇವೆ. ಅವಳು ಹಾಳೆಯನ್ನು ತೊಡೆಯ ಮೇಲೆ ಹಾಕಿಕೊಂಡು ಎದುರಿಗಿದ್ದವರ ಜೊತೆ ಮಾತಾಡುತ್ತಲೇ ಕೀಳುತ್ತಾ ಹೋಗುತ್ತಾಳೆ. ಮಗುವಿನ ತಲೆಯಲ್ಲಿ ಹೇನು ಹುಡುಕುವ ತಾಯಿಯ ಹಾಗೆ ಅವಳ ಬೆರಳಿಗೇ ಕಣ್ಣಿದೆ. ಅವಳು ಕಳೆ ತೆಗೆದ ಹಾಳೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದನ್ನು ನಾವು ಎಂದೋ ಬಿಟ್ಟೆವು.

ನಮ್ಮ ಬೀದಿಯಲ್ಲಿ ಒಂದು ರೂಢಿ ಇದೆ. ಕೆಲಸ ಕಲಿತು ಕೈ ಪಳಗಿದವನು ತನಗೆಂದು ಒಂದು ಸಣ್ಣ ಸ್ಟಿಕ್ಕರ್ ಮಾಡಿಕೊಳ್ಳುತ್ತಾನೆ, ಅಂಗೈಯಷ್ಟು. ಅದಕ್ಕೆ ಕೈಗುರುತು ಅನ್ನುತ್ತೇವೆ. ಅದರಲ್ಲಿ ಹೆಸರು ಇರುವುದಿಲ್ಲ, ಚಿತ್ರ ಇರುತ್ತದೆ. ಒಬ್ಬನದು ಕೊಕ್ಕಿನಲ್ಲಿ ಕುಂಚ ಹಿಡಿದ ಕಾಗೆ. ಒಬ್ಬನದು ಕನ್ನಡಕ ಹಾಕಿದ ಮೀನು. ಒಬ್ಬ ಮೂರೇ ಕಾಲಿನ ಕುರ್ಚಿ ಮಾಡಿಕೊಂಡಿದ್ದ, ನಾಲ್ಕನೆಯದು ಯಾಕಿಲ್ಲ ಅಂದರೆ ಅಷ್ಟರಲ್ಲಿ ಊಟದ ಹೊತ್ತಾಯಿತು ಅನ್ನುತ್ತಿದ್ದ. ನನ್ನದು ಮೀಸೆ ಇರುವ ಅರ್ಧಚಂದ್ರ. ಈ ಗುರುತನ್ನು ಮೇಸ್ತ್ರಿಯ ಅಂಗಡಿಯ ಒಳಗೋಡೆಗೆ ತನ್ನ ಕೈಯಾರೆ ಅಂಟಿಸಿದ ದಿನದಿಂದ ಅವನು ಬೀದಿಯವನು. ಮೇಸ್ತ್ರಿ ಅಂದರೆ ನಮ್ಮೆಲ್ಲರಿಗೂ ಕೆಲಸ ಕಲಿಸಿದ ಹಿರಿಯ. ಅವರ ಅಂಗಡಿಯ ಗೋಡೆಗೆ ಹಸಿರು ಎಣ್ಣೆಬಣ್ಣ ಬಳಿದಿತ್ತು, ಅದರ ಮೇಲೆ ನೆಲದಿಂದ ತಲೆಯೆತ್ತರದವರೆಗೆ ಗುರುತುಗಳು ಕಿಕ್ಕಿರಿದಿದ್ದವು. ಕಸುಬು ಬಿಟ್ಟು ಹೋಗುವವನು ತನ್ನ ಗುರುತನ್ನು ತಾನೇ ಕಿತ್ತುಕೊಂಡು ಹೋಗಬೇಕು. ಬೇರೆ ಯಾರೂ ಅದಕ್ಕೆ ಉಗುರು ತಾಗಿಸುವಂತಿಲ್ಲ. ಅಂಟಿಸಿದವರೇ ಕೀಳಬೇಕು, ಅಷ್ಟೇ ನಮ್ಮ ಕಾಯಿದೆ. ಬೀದಿಯಲ್ಲಿ ಬೇರೆ ಯಾವ ಕಾಯಿದೆಯನ್ನೂ ನಾವು ಇಷ್ಟು ಭಯಭಕ್ತಿಯಿಂದ ಪಾಲಿಸಿದವರಲ್ಲ.

ಆ ಗೋಡೆಯ ನಟ್ಟನಡುವೆ ಒಂದು ಹಳದಿ ಮಿಡತೆ ಇತ್ತು. ಗೋಡೆಗೆ ಅಂಟಿದ ಮೊಟ್ಟಮೊದಲ ಗುರುತು ಅದು, ಉಳಿದವೆಲ್ಲ ಅದರ ಸುತ್ತ ಸೇರಿಕೊಂಡವು. ಮಿಡತೆಯ ಮೈತುಂಬ ಸಣ್ಣಸಣ್ಣ ಗುಳ್ಳೆಗಳಿದ್ದವು, ಬೆರಳಾಡಿಸಿದರೆ ನಿಜವಾದ ಹುಳುವಿನ ಮೈ ಮುಟ್ಟಿದ ಹಾಗಾಗುತ್ತಿತ್ತು. ಈ ಜಾಣತನವನ್ನು ಅದನ್ನು ಅಂಟಿಸಿದವನು ಎಲ್ಲಿ ಕಲಿತನೋ ಎಂದು ನಾವೆಲ್ಲ ಹೊಗಳುತ್ತಿದ್ದೆವು. ನನಗೂ ಹೇಳಿಕೊಡು ಅಂತ ನಾನೇ ಬೆನ್ನು ಬಿದ್ದಿದ್ದೆ. ಅವನು ನಕ್ಕು ಮಾತು ಹಾರಿಸಿಬಿಡುತ್ತಿದ್ದ.

ಅವನು ಪುಡಿಯಕ್ಕನ ಒಡಹುಟ್ಟಿದ ಅಣ್ಣ. ಮೇಸ್ತ್ರಿಯ ಮೊದಲ ಶಿಷ್ಯ. ಅವನಷ್ಟು ಚುರುಕು ಕೈ ನಮ್ಮ ಬೀದಿಗೆ ಮತ್ತೆ ಬರಲಿಲ್ಲ. ಇದ್ದದ್ದು ಒಂದೇ ಕೊರತೆ, ಕಾಯುವುದು ಅವನಿಗೆ ಗೊತ್ತಿರಲಿಲ್ಲ. ಚಹಾ ಆರುವ ತನಕ ಕಾಯದೆ ನಾಲಿಗೆ ಸುಟ್ಟುಕೊಂಡು, ಆಮೇಲೆ ಚಹಾಕ್ಕೇ ಬೈಯುವ ಆಸಾಮಿ. ಮಿಡತೆಯ ಗುರುತು ಸುಮ್ಮನೆ ಬಂದದ್ದಲ್ಲ. ತಂಗಿಯನ್ನು ಕೆಲಸಕ್ಕೆ ಕರೆತಂದವನೂ ಅವನೇ, ಅವಳ ಕೈಗೆ ಮೊದಲ ಸೂಜಿ ಕೊಟ್ಟವನೂ ಅವನೇ.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಾಲಿನ ವ್ಯಾನು ಬಂತು, ಹೊಸದಾಗಿ ಬಣ್ಣ ಬಳಿಸಿಕೊಂಡು. ಹಸಿ ಬಣ್ಣದ ಮೇಲೆ ಸ್ಟಿಕ್ಕರ್ ಅಂಟಿಸಬಾರದು. ಮೇಲೆ ಒಣಗಿದ ಹಾಗೆ ಕಂಡರೂ ಬಣ್ಣ ಒಳಗೊಳಗೇ ಉಸಿರು ಬಿಡುತ್ತಿರುತ್ತದೆ. ಆ ಉಸಿರಿಗೆ ಹೊರಗೆ ದಾರಿ ಸಿಗದಿದ್ದರೆ ಸ್ಟಿಕ್ಕರು ಗುಳ್ಳೆ ಏಳುತ್ತದೆ. ಇದು ನಮ್ಮ ಬೀದಿಯ ಬೆಕ್ಕಿಗೂ ಗೊತ್ತಿರುವ ಸಂಗತಿ, ಅಣ್ಣನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆದರೆ ವ್ಯಾನಿನವನು ಅವಸರ ಮಾಡಿದ, ಇವನಿಗೂ ಅಷ್ಟೇ ಬೇಕಿತ್ತು. ಅಂಟಿಸಿಯೇಬಿಟ್ಟ. ಮಾರನೆಯ ಬಿಸಿಲಿಗೆ ವ್ಯಾನಿಗೆ ಸಿಡುಬು ಬಂದ ಹಾಗಾಯಿತು. ವ್ಯಾನಿನವನು ಬಂದು ರಂಪ ಎಬ್ಬಿಸಿದ, ಬೀದಿಗೆ ಬೀದಿಯೇ ಕೆಲಸ ಬಿಟ್ಟು ನೋಡಲು ಸೇರಿತು. ಕಿತ್ತು ಹಾಕು ಅಂತ ಮೇಸ್ತ್ರಿ ಹೇಳಿದರು. ಗುಳ್ಳೆ ಚುಚ್ಚಿ ಸರಿಮಾಡುತ್ತೇನೆ ಅಂತ ಅಣ್ಣ ಕೈಕಟ್ಟಿ ನಿಂತ. ಮೇಸ್ತ್ರಿ ಎರಡನೆಯ ಮಾತಾಡದೆ ತಂಗಿಯ ಕಡೆ ತಿರುಗಿ, ನೀನು ಕೀಳು ಅಂದರು.

ಅವಳು ಅಣ್ಣನ ಮುಖ ನೋಡಲಿಲ್ಲ, ಮೇಸ್ತ್ರಿಯ ಮುಖ ನೋಡಿದಳು. ಹೊಸಬಳು, ಕೈಯೇನೋ ಚುರುಕು, ತಲೆ ಇನ್ನೂ ಎಳಸು. ಹಿಡಿದು ಎಳೆದಳು. ಸ್ಟಿಕ್ಕರಿನ ಜೊತೆ ವ್ಯಾನಿನ ಬಣ್ಣವೂ ಸಿಪ್ಪೆಯ ಹಾಗೆ ಸುಲಿದು ಬಂತು, ಒಳಗಿನ ತಗಡು ಕಂಡಿತು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಅಣ್ಣ ಜೇಬಿನಲ್ಲಿದ್ದ ಕತ್ತರಿಸುವ ಚಾಕು ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಸಂಜೆಯ ಹೊತ್ತಿಗೆ ಬರುತ್ತಾನೆ ಅಂದುಕೊಂಡೆವು. ಬರಲಿಲ್ಲ. ಆಮೇಲೆ ವರ್ಷಗಟ್ಟಲೆ ನಮ್ಮ ಬೀದಿಗೆ ಕಾಲೇ ಇಡಲಿಲ್ಲ. ಮೇಸ್ತ್ರಿಯ ಮೇಲೆ ಅವನಿಗೆ ಅಂಥ ಸಿಟ್ಟು ಇರಲಿಲ್ಲ, ಬೈಯುವುದು ಮೇಸ್ತ್ರಿಯ ಕೆಲಸ. ಅಣ್ಣ ಎದುರಿಗೆ ನಿಂತಿರುವಾಗ ಅವನನ್ನು ಒಂದು ಮಾತೂ ಕೇಳದೆ ತಂಗಿ ಅವನ ಕೆಲಸಕ್ಕೆ ಕೈ ಹಾಕಿದಳಲ್ಲ, ಅದು ಅವನಿಗೆ ನಾಟಿತು. ಆಮೇಲೆ ಅಮ್ಮನ ಮನೆಯಲ್ಲಿ ಎದುರಾದರೆ ಇವಳು ಕೇಳಿದ್ದಕ್ಕೆ ಹೂಂ ಅನ್ನುವನು, ಇಲ್ಲವೇ ಊಹೂಂ. ಮೂರನೆಯ ಮಾತಿಲ್ಲ.

ಆದರೆ ಹೋಗುವಾಗ ಅವನು ಗೋಡೆಯ ಮೇಲಿನ ಮಿಡತೆಯನ್ನು ಕೀಳಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ. ಮೇಸ್ತ್ರಿ ಮಾತ್ರ ಅದನ್ನೇ ಹಿಡಿದುಕೊಂಡಿದ್ದರು, ಗುರುತು ಇರುವ ತನಕ ಅವನು ನಮ್ಮವನೇ ಅಂತ. ಪುಡಿಯಕ್ಕ ದಿನಾ ಅದರ ಎದುರಿಗೇ ಕೂತು ಕಳೆ ತೆಗೆಯುತ್ತಿದ್ದಳು.

ಅವಳು ಗುರುತುಗಳನ್ನು ಕೂಡಿಡಲು ಶುರುಮಾಡಿದ್ದು ಕಾಗೆಯ ಗುರುತಿನವನು ತೀರಿಕೊಂಡ ಮೇಲೆ. ಅವನ ಕುಂಚದ ಪೆಟ್ಟಿಗೆ ಗುಜರಿಗೆ ಹೊರಟಿತ್ತು. ಅದರ ಮುಚ್ಚಳದ ಮೇಲೆ ಅವನ ಕಾಗೆ, ಸುತ್ತ ಅವನ ಗೆಳೆಯರದ್ದು. ನಾವೆಲ್ಲ ನೋಡಿದೆವು, ಅಯ್ಯೋ ಪಾಪ ಅಂದೆವು, ನಮ್ಮನಮ್ಮ ಕೆಲಸಕ್ಕೆ ಹೋದೆವು. ಅವಳು ಮಾತ್ರ ಗುಜರಿ ಗಾಡಿಯ ಹಿಂದೆ ಓಡಿ ಪೆಟ್ಟಿಗೆ ಇಳಿಸಿಕೊಂಡಳು. ಹಾಗಂತ ತಾನೇ ಕೀಳಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಅವನ ಹೆಂಡತಿಯ ಹತ್ತಿರ ಹೋಗಿ, ಅವರಿಲ್ಲದ ಮೇಲೆ ಕೀಳುವ ಹಕ್ಕು ನಿಮ್ಮದು ಅಂತ ಮುಂದಿಟ್ಟಳು. ಆಕೆ ಬಹಳ ಹೊತ್ತು ಪೆಟ್ಟಿಗೆ ನೋಡುತ್ತಾ ಕೂತಿದ್ದು, ಕೊನೆಗೆ ಕಾಗೆಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿಕೊಟ್ಟರಂತೆ. ಉಳಿದದ್ದನ್ನು ಇವಳು ಬಿಡಿಸಿದಳು. ಸುತ್ತಲಿದ್ದ ಗೆಳೆಯರ ಗುರುತುಗಳನ್ನೂ, ಆಮೇಲೆ ಗುಜರಿಗೆ ಹೊರಟ ಹಳೆಯ ಪೆಟ್ಟಿಗೆ ಏಣಿಗಳ ಮೇಲಿನವನ್ನೂ, ಹೀಗೇ ಅಂಟಿಸಿದವರನ್ನು ಕೇಳಿಯೇ ಬಿಡಿಸಿ ಕೂಡಿಟ್ಟಳು.

ಕೀಳುವುದನ್ನು ಅವಳಿಂದ ಕಲಿಯಬೇಕು. ಹಳೆಯ ಸ್ಟಿಕ್ಕರು ಹಪ್ಪಳದ ಹಾಗಿರುತ್ತದೆ, ಮುಟ್ಟಿದರೆ ಪುಡಿ. ಕೂದಲು ಒಣಗಿಸುವ ಯಂತ್ರದಿಂದ ದೂರದಿಂದಲೇ ಬಿಸಿ ಊದುತ್ತಾಳೆ, ನಿದ್ದೆ ಹೋದ ಮಗುವನ್ನು ಎಬ್ಬಿಸುವ ಹಾಗೆ. ಮೆತ್ತಗಾದ ಮೇಲೆ ಮೂಲೆ ಹಿಡಿದು ಮೇಲಕ್ಕೆ ಎಳೆಯುವುದಿಲ್ಲ, ಮಡಚಿದ ಹಾಗೆ ಹಿಂದಕ್ಕೆ ಒಯ್ಯುತ್ತಾಳೆ. ಉಸಿರನ್ನೂ ಅಷ್ಟೇ ನಿಧಾನ ಬಿಡುತ್ತಾಳೆ. ಅವಸರ ಇರುವವರು ಎದ್ದು ಹೋಗಬಹುದು ಅಂತ ಸುತ್ತ ನಿಂತವರಿಗೆ ಹೇಳಿರುತ್ತಾಳೆ.

ಕಿತ್ತದ್ದನ್ನು ಇಡುವುದು ಕೀಳುವುದಕ್ಕಿಂತ ಕಷ್ಟವಾಯಿತು. ಮೊದಲು ಫೋಟೊ ಆಲ್ಬಮ್ಮಿನ ಹೊಳೆಯುವ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟಳು. ನೋಡಲು ಬಲು ಚೆಂದ, ನಾವೂ ಭೇಷ್ ಅಂದೆವು. ಬೇಸಗೆ ಕಳೆಯುವುದರೊಳಗೆ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕನ್ನು ಹಿಡಿದುಕೊಂಡುಬಿಟ್ಟಿತು. ಬಿಡಿಸಲು ಹೋದರೆ ಚಿತ್ರದ ಬಣ್ಣವೆಲ್ಲ ಹಾಳೆಗೆ ಹತ್ತಿ, ಕೈಯಲ್ಲಿ ಉಳಿದದ್ದು ಬೋಳು ತುಂಡು. ಆಮೇಲೆ ಅಂಟುಹಾಳೆಯ ಬೆನ್ನಿಗೆ ಬರುವ ಮೇಣದ ಕಾಗದವನ್ನೇ ಹಾಸಲು ಹಿಡಿದಳು. ಅದನ್ನು ನಾವು ದಿನಾ ಕಸಕ್ಕೆ ಎಸೆಯುತ್ತಿದ್ದೆವು. ಆದರೂ ಹಳೆಯ ಅಂಟು ಒಸರುತ್ತಿತ್ತು.

ಆಗ ನಡುವೆ ಬಂದವರು ಅವಳ ಅತ್ತೆ. ಗಂಡ ಬಸ್ ಡ್ರೈವರ್, ಹಾರನ್ನು ಹೊಡೆದಷ್ಟೂ ಮಾತಾಡುವವನಲ್ಲ. ಅವನ ಪಾಲಿನ ಮಾತನ್ನೂ ಸೇರಿಸಿ ಅತ್ತೆಯೇ ಆಡುತ್ತಿದ್ದರು. ಮಂಚದ ಕೆಳಗೆ ತಗಡಿನ ಪೆಟ್ಟಿಗೆ ಸೇರಿದ ದಿನದಿಂದ ಅವರ ಬಾಯಿಗೆ ಬಿಡುವಿಲ್ಲ.

"ಊರಿನ ಗಂಡಸರ ಗುರುತೆಲ್ಲ ತಂದು ಮಂಚದ ಕೆಳಗಿಟ್ಟಿದ್ದಾಳೆ," ಅಂತ ಬಂದವರಿಗೆಲ್ಲ ಹೇಳುವರು. "ಕಟ್ಟಿಕೊಂಡ ಗಂಡನದೊಂದು ಫೋಟೊ ಗೋಡೆ ಮೇಲಿಲ್ಲ."

ಹಾಗೆ ಹೇಳುತ್ತಲೇ ಸೊಸೆಯ ಪಕ್ಕದಲ್ಲಿ ಕೂತು ಕಾಗದ ಕತ್ತರಿಸಿ ಕೊಡುವರು. ಕೈಗೆ ಅಂಟುವ ಕಣಕಕ್ಕೆ ಏನು ಮಾಡ್ತೀಯ, ಒಣಹಿಟ್ಟು ಉದುರಿಸಲ್ವಾ, ಇದಕ್ಕೂ ಉದುರಿಸು ಅಂದವರು ಅವರೇ. ಹಿಟ್ಟು ಉದುರಿಸಿದರು. ಅಂಟು ಒಸರುವುದು ನಿಂತಿತು, ಜಿರಲೆ ಬಂತು. ಕನ್ನಡಕದ ಮೀನಿನ ಬಾಲವನ್ನು ತಿಂದುಹಾಕಿತು. ಆ ಮೀನಿನವನು ಬಂದು ನೋಡಿ, ಮೀನು ಜಿರಲೆ ತಿನ್ನೋದು ಕೇಳಿದ್ದೆ, ಇದು ಉಲ್ಟಾ ಆಯಿತಲ್ಲಕ್ಕ ಅಂದ. ಅತ್ತೆ ತಮ್ಮ ಪೌಡರಿನ ಡಬ್ಬ ತಂದು ಸೊಸೆಯ ಮುಂದೆ ಕುಕ್ಕಿದರು. ಈ ವಯಸ್ಸಲ್ಲಿ ನನ್ನ ಮುಖ ಯಾರು ನೋಡಬೇಕಾಗಿದೆ, ನಿನ್ನ ಕಾಗೆಗೇ ಹಾಕು ಅಂದರು. ಪೌಡರನ್ನು ಜಿರಲೆ ಮೂಸಲಿಲ್ಲ. ಅಂಟಿನ ಮೇಲೆ ತೆಳ್ಳಗೆ ಉದುರಿಸಿ, ಕುಂಚದಿಂದ ಗುಡಿಸಿ, ಮೇಣದ ಕಾಗದದ ನಡುವೆ ಮಲಗಿಸಿದರೆ ಅಲ್ಲಾಡದೆ ಮಲಗಿತು. ಅಂದಿನಿಂದ ಅವಳು ಪುಡಿಯಕ್ಕ. ಅದಕ್ಕೂ ಮೊದಲು ಅವಳನ್ನು ಏನೆಂದು ಕರೆಯುತ್ತಿದ್ದೆವೋ ಮರೆತೇಹೋಗಿದೆ.

ಹೀಗೆ ಪೆಟ್ಟಿಗೆ ತುಂಬುತ್ತಿರುವಾಗ ಮೇಸ್ತ್ರಿಯ ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಾರೆ ಅನ್ನುವ ಸುದ್ದಿ ಬಂತು. ಕಟ್ಟಡ ಮೇಸ್ತ್ರಿಯದಲ್ಲ, ಬಾಡಿಗೆಯದು. ಮಾಲೀಕರು ಅಲ್ಲಿ ಎತ್ತರದ್ದೇನೋ ಎಬ್ಬಿಸಲು ಹೊರಟಿದ್ದರು. ಒಳ್ಳೆಯ ಜನ, ಖಾಲಿ ಮಾಡಲು ಬೇಕಾದಷ್ಟು ಸಮಯ ಕೊಟ್ಟರು, ಆಚೆ ಬೀದಿಯಲ್ಲಿ ಮೇಸ್ತ್ರಿಗೆ ಬೇರೆ ಅಂಗಡಿಯೂ ಸಿಕ್ಕಿತು. ಮೇಜು, ಯಂತ್ರ, ಏಣಿ ಎಲ್ಲ ಹೋಗಬಹುದು. ಗೋಡೆ ಹೋಗುವ ಹಾಗಿಲ್ಲ.

ಗೋಡೆಯ ಮೇಲಿನ ಒಂದು ಗುರುತೂ ಮಣ್ಣುಪಾಲಾಗಬಾರದು ಅಂತ ಪುಡಿಯಕ್ಕ ಪಟ್ಟು ಹಿಡಿದಳು. ಕಾಯಿದೆಯೂ ಮುರಿಯಬಾರದು. ಹಾಗಾಗಿ ಅಂಟಿಸಿದವರನ್ನೆಲ್ಲ ಹುಡುಕಲು ಹೊರಟಳು. ಬೆಳಗ್ಗೆ ಕಳೆ, ಮಧ್ಯಾಹ್ನದ ಮೇಲೆ ಬೇಟೆ ಅಂತ ನಾವು ಆಡಿಕೊಂಡೆವು. ಕಸುಬು ಬದಲಿಸದೆ ಊರು ಬದಲಿಸಿದವರು, ಹಾಸಿಗೆ ಹಿಡಿದವರು, ತೀರಿಹೋದವರ ಮಕ್ಕಳು, ಒಬ್ಬರನ್ನೂ ಬಿಡಲಿಲ್ಲ. ಬಂದವರಲ್ಲಿ ಕೆಲವರಿಗೆ ಹೊಸ ಅಳುಕು. ಗುರುತು ಕಿತ್ತರೆ ಕಸುಬು ಬಿಟ್ಟಂತೆ ಅಲ್ಲವೇ, ಮನೆಯಲ್ಲಿ ಹೆಂಡತಿಗೆ ಏನು ಹೇಳಲಿ ಅಂತ ಮೂರು ಕಾಲಿನ ಕುರ್ಚಿಯವನು ಬಾಗಿಲಲ್ಲೇ ನಿಂತ. ಅವಳು ಅದಕ್ಕೊಂದು ದಾರಿ ಮಾಡಿಟ್ಟಿದ್ದಳು. ನೀವು ಒಂದು ಮೂಲೆ ಮಾತ್ರ ಎಬ್ಬಿಸಿ, ನೀನೇ ಕೀಳು ಅಂತ ಬಾಯಿಬಿಟ್ಟು ಹೇಳಿ, ಉಳಿದದ್ದು ನನ್ನ ಪಾಪ. ಅಲ್ಲಿಗೆ ಕಸುಬೂ ಉಳಿಯಿತು, ಕಾಯಿದೆಯೂ ಉಳಿಯಿತು. ಮೀಸೆಯ ಚಂದ್ರನ ಮೂಲೆಯನ್ನು ನಾನು ಎಬ್ಬಿಸಿ ಆ ಮಾತು ಹೇಳುವಾಗ, ಯಾಕೋ, ಎರಡು ಸಲ ತಪ್ಪಿ ಮೊದಲಿನಿಂದ ಶುರುಮಾಡಿದೆ. ಅವಳು ಗಮನಿಸದವಳ ಹಾಗೆ ಬಿಸಿಯೂದುವ ಯಂತ್ರದ ಕಡೆ ತಿರುಗಿದಳು.

ದಿನದಿಂದ ದಿನಕ್ಕೆ ಗೋಡೆ ಬೋಳಾಯಿತು. ಬಿಸಿಲು ಹೊಗೆ ತಿಂದು ಮಂಕಾಗಿದ್ದ ಹಸಿರಿನ ನಡುವೆ, ಗುರುತು ಇದ್ದ ಜಾಗವೆಲ್ಲ ಹೊಸ ಎಲೆಯಂತೆ ಹೊಳೆಯುತ್ತಿತ್ತು. ಕಡೆಗೆ ಉಳಿದದ್ದು ಮಿಡತೆ ಒಂದೇ.

ಅವಳ ಸಂಕಟ ನಮಗೆ ಗೊತ್ತಿತ್ತು. ಅಣ್ಣ ಬರದಿದ್ದರೆ ಮಿಡತೆ ಗೋಡೆಯ ಜೊತೆ ನೆಲಕ್ಕೆ ಬೀಳುತ್ತದೆ, ಅವನು ಈ ಬೀದಿಯಲ್ಲಿ ಇದ್ದ ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಅದು. ಬಂದು ತಾನೇ ಪೂರ್ತಿ ಕಿತ್ತುಕೊಂಡು ಹೋದರೆ ಕಸುಬಿಗೂ ತಂಗಿಗೂ ಕೊನೆಯ ಸಲ ಬೆನ್ನು ತಿರುಗಿಸಿದ ಹಾಗೆ. ಸುಮ್ಮನೆ ಕಿತ್ತಿಡು, ಅವನಿಗೆ ಯಾರು ಹೇಳುತ್ತಾರೆ ಅಂತ ನಾವೆಲ್ಲ ಹೇಳಿದೆವು. ಮೇಸ್ತ್ರಿ, ಅಂಗಡಿ ತಮ್ಮದು, ಮಾತು ತಮ್ಮದು, ಕೀಳು ಅಂದರು.

"ಆವತ್ತೂ ನೀವೇ ಹೇಳಿದ್ರಿ ಮೇಸ್ತ್ರಿ," ಅಂದಳು ಅವಳು.

ಮೇಸ್ತ್ರಿ ಎದ್ದು ಏಣಿಗೆ ಹಗ್ಗ ಬಿಗಿಯಲು ಹೋದರು.

ಅಣ್ಣನಿಗೆ ರೈಲುಗೇಟಿನ ಆಚೆ ಸೈಕಲ್ ರಿಪೇರಿ ಅಂಗಡಿ. ಗೋಡೆ ಬೀಳಲು ಇನ್ನು ಎರಡು ದಿನ ಇರುವಾಗ ಅವಳು ಅಲ್ಲಿಗೆ ಹೋದಳು, ಜೊತೆಗೆ ಇರಲಿ ಅಂತ ನನ್ನನ್ನು ಎಳೆದುಕೊಂಡು. ಅವನು ಪಂಕ್ಚರ್ ಹಾಕುತ್ತಾ ಕೂತಿದ್ದ. ಟ್ಯೂಬಿನ ತೂತಿನ ಸುತ್ತ ಉಜ್ಜಿ, ಅಂಟು ಬಳಿದು, ಊದಿ, ಸುಮ್ಮನೆ ಕೂತ. ಸೈಕಲ್ಲಿನವನು ಲೇಟಾಯ್ತು, ಬೇಗ ಒತ್ತಿಬಿಡಣ್ಣ ಅಂತ ಕುಣಿಯುತ್ತಿದ್ದ.

"ಒಣಗ್ಲಿ," ಅಂದ ಅಣ್ಣ.

"ಒಣಗಿದೆಯಲ್ಲ."

"ಮೇಲೆ ಒಣಗಿದೆ. ಒಳಗೆ ಒಣಗ್ಲಿ."

ಪುಡಿಯಕ್ಕ ನನ್ನ ಕಡೆ ನೋಡಿದಳು. ನಾನು ಆಕಾಶದ ಕಡೆ ನೋಡಿದೆ. ಕುದಿಯುವ ಚಹಾ ಕುಡಿಯುತ್ತಿದ್ದ ಆಸಾಮಿ ಇವನೇನಾ ಅಂತ ನನಗೆ ನಂಬಿಕೆಯೇ ಬರಲಿಲ್ಲ. ಅವನು ಅಂಟಿನ ಮೇಲೆ ಬೆರಳ ಹಿಂಬದಿ ತಾಗಿಸಿ ನೋಡಿ, ಇನ್ನೂ ಸ್ವಲ್ಪ ಕಾದು, ಆಮೇಲೆ ರಬ್ಬರಿನ ತುಂಡು ಇಟ್ಟು ಒತ್ತಿದ. ಸೈಕಲ್ಲು ಹೋದ ಮೇಲೆ ನಮ್ಮ ಕಡೆ ತಲೆ ಎತ್ತಿದ.

ಅವಳು ಗೋಡೆಯ ವಿಷಯ ಹೇಳಿದಳು, ಯಾರ್ಯಾರು ಬಂದರು, ಯಾವ ದಿನ ಕೆಡವುತ್ತಾರೆ. ಅವನು ಕೈ ಒರೆಸುತ್ತಾ ಕೇಳಿಸಿಕೊಂಡ.

"ಗೋಡೆ ಜೊತೆ ಅದೂ ಬಿದ್ದೋಗ್ಲಿ," ಅಂದ. "ಇಷ್ಟು ದಿನ ಅದರ ನೆನಪಾಗಿದ್ದು ಯಾರಿಗೆ."

"ನಂಗೆ," ಅಂದಳು. "ದಿನಾ ಎದುರಿಗೇ ಕೂತಿರ್ತಿತ್ತು."

ಅವನು ಮುಂದಿನ ಟ್ಯೂಬು ಕೈಗೆತ್ತಿಕೊಂಡ. ಅವಳು ಎದ್ದಳು. ಬೇಡಿಕೊಳ್ಳುತ್ತಾಳೆ, ಅಳುತ್ತಾಳೆ ಅಂತ ನಾನು ಎದೆ ಗಟ್ಟಿಮಾಡಿಕೊಂಡು ನಿಂತಿದ್ದೆ. ಅದ್ಯಾವುದೂ ಮಾಡಲಿಲ್ಲ. ಹೊರಡುವಾಗ ಅಷ್ಟೇ ಹೇಳಿದಳು:

"ಅಣ್ಣ, ನಿನ್ನ ಕೇಳದೆ ಒಂದ್ಸಲ ಕಿತ್ತೆ. ಇನ್ನೊಂದ್ಸಲ ಕೀಳಲ್ಲ. ನೀನು ಬಂದ್ರೆ ಬಾ, ಬರದಿದ್ರೆ ಅದು ಗೋಡೆ ಮೇಲೇ ಇರುತ್ತೆ."

ವಾಪಸ್ಸು ಹೊರಟೆವು. ರೈಲುಗೇಟು ಹಾಕಿತ್ತು. ರೈಲು ಹೋದ ಮೇಲೂ ಅಲ್ಲೇ ನಿಂತಿದ್ದಳು, ನಾನೇ ಮೊಣಕೈ ಹಿಡಿದು ದಾಟಿಸಿದೆ.

ಕೊನೆಯ ದಿನ ಅಂಗಡಿ ಪೂರ್ತಿ ಖಾಲಿ. ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಮೇಸ್ತ್ರಿಗೆ ಕೂರಲೆಂದು ಒಂದು ಕುರ್ಚಿ ಬಿಟ್ಟಿದ್ದೆವು. ಪುಡಿಯಕ್ಕ ನೆಲದ ಮೇಲೆ ಮಿಡತೆಯ ಎದುರಿಗೆ ಕೂತಿದ್ದಳು, ಪಕ್ಕದಲ್ಲಿ ಬಿಸಿಯೂದುವ ಯಂತ್ರ, ಮೇಣದ ಕಾಗದ, ಪೌಡರಿನ ಡಬ್ಬ. ಮಧ್ಯಾಹ್ನ ಕಳೆಯಿತು. ಕೆಡವುವವರು ಸಾಮಾನು ತಂದಿಳಿಸಿ, ಬೆಳಗ್ಗೆ ಬರುತ್ತೇವೆ ಅಂತ ಹೇಳಿ ಹೋದರು. ಯಾರೂ ಅವಳಿಗೆ ಮನೆಗೆ ಹೋಗು ಅನ್ನಲಿಲ್ಲ.

ಬಿಸಿಲು ಬಾಗಿಲಿನಿಂದ ಇಳಿಯುವ ಹೊತ್ತಿಗೆ ಹೊರಗೆ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಅಣ್ಣ ಒಳಗೆ ಬಂದ. ಮೇಸ್ತ್ರಿಗೆ ಕೈ ಮುಗಿದ. ಮೇಸ್ತ್ರಿ, ಏನೋ, ಚಹಾ ಆರಿತಾ ಅಂದರು. ಆರಿತು ಮೇಸ್ತ್ರಿ ಅಂದ ಅವನು. ಅಷ್ಟರಲ್ಲೇ ಅವರಿಬ್ಬರ ನಡುವಿನದು ಮುಗಿಯಿತು.

ಅವನು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಿಡತೆಯನ್ನು ದಿಟ್ಟಿಸಿದ. ಬೋಳು ಗೋಡೆಯ ನಡುವೆ ಅದು ಒಂಟಿ, ಈಗಲೋ ಆಗಲೋ ಹಾರುವ ಹಾಗೆ. ಅವಳು ಬಿಸಿ ಊದಿಕೊಟ್ಟಳು. ಹಿಂಗಾಲಿನ ಹತ್ತಿರದ ಮೂಲೆಯನ್ನು ಅವನು ಉಗುರಿನಿಂದ ಎಬ್ಬಿಸಿದ. ಅವನ ಕೈ ಮುಂದೆ ಹೋದರೆ ಅವನು ಹೋದ ಹಾಗೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ನೀನೇ ಕೀಳಮ್ಮ," ಅಂದ. "ನಾನು ಹೇಳ್ತಿದ್ದೀನಿ."

ಎಲ್ಲರ ಹತ್ತಿರ ಅವಳೇ ಹೇಳಿಸಿದ್ದ ಮಾತು ಅದು. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಈ ಸಲ ಮೇಸ್ತ್ರಿಯ ಕಡೆ ನೋಡಲಿಲ್ಲ, ಅಣ್ಣನ ಮುಖವನ್ನೇ ನೋಡಿದಳು. ಆಮೇಲೆ ಮೂಲೆ ಹಿಡಿದು ಹಿಂದಕ್ಕೆ ಮಡಚುತ್ತಾ ನಿಧಾನ ಎಳೆದಳು. ಸ್ವಲ್ಪ ಬಂದದ್ದೇ ಅವಳ ಕೈ ನಿಂತಿತು. ಮಿಡತೆಯ ಜೊತೆಗೆ ಗೋಡೆಯ ಬಣ್ಣವೂ ಬರುತ್ತಿತ್ತು. ಹಸಿರು ಪದರ ಸ್ಟಿಕ್ಕರಿನ ಬೆನ್ನಿಗೆ ಹತ್ತಿಕೊಂಡು, ವ್ಯಾನಿನ ಬಣ್ಣ ಬಂದ ಹಾಗೆಯೇ, ಸಿಪ್ಪೆಯಾಗಿ ಸುಲಿಯುತ್ತಿತ್ತು. ಅಷ್ಟು ಜನರ ಎದುರು, ಅದೇ ಅಣ್ಣನ ಕೆಲಸ, ಮತ್ತೆ ಅದೇ ಗತಿ.

"ನಿಲ್ಲಿಸಬೇಡ," ಅಂದ ಅಣ್ಣ. "ನಿನ್ನ ಕೈಯ ತಪ್ಪಲ್ಲ. ಈ ಗೋಡೆಗೆ ಬಣ್ಣ ಬಳಿದ ದಿನಾನೇ ಅಂಟಿಸಿದ್ದೆ. ಎಲ್ಲರಿಗಿಂತ ಮೊದಲು ನಂದೇ ಇರ್ಬೇಕು ಅಂತ. ಒಣಗೋ ತನಕ ಮುಟ್ಟಬೇಡ ಅಂತ ಮೇಸ್ತ್ರಿ ಹೇಳಿ ಊಟಕ್ಕೆ ಹೋಗಿದ್ರು."

ನಾವು ಮುಖ ಮುಖ ನೋಡಿಕೊಂಡೆವು.

"ಹಂಗಾದ್ರೆ ಆ ಗುಳ್ಳೆಗಳು?" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು.

"ಗುಳ್ಳೆಗಳೇ," ಅಂದ ಅವನು. "ನೀವೆಲ್ಲ ಹೊಗಳಿದ್ರಿ. ನಾನು ಬೇಡ ಅನ್ಲಿಲ್ಲ."

ಮೊದಲು ನಕ್ಕವರು ಮೇಸ್ತ್ರಿ, ಕೆಮ್ಮು ಬರುವ ತನಕ ನಕ್ಕರು. ಅಣ್ಣನೂ ನಕ್ಕ. ಆ ನಗುವಿನ ನಡುವೆಯೇ ಪುಡಿಯಕ್ಕ ಮಿಡತೆಯನ್ನು ಪೂರ್ತಿ ಬಿಡಿಸಿದಳು. ಒಂದು ಮೀಸೆ ಕೂಡ ಹರಿಯಲಿಲ್ಲ. ಅಂಗೈ ಮೇಲೆ ಮಗುಚಿ ಹಾಕಿಕೊಂಡು, ಅಭ್ಯಾಸಬಲದಿಂದ ಪೌಡರಿನ ಡಬ್ಬಕ್ಕೆ ಕೈ ಹಾಕಿ ಹಾಗೇ ನಿಂತಳು. ಮಿಡತೆಯ ಬೆನ್ನಿನಲ್ಲಿ ಅಂಟು ಕಾಣುತ್ತಲೇ ಇರಲಿಲ್ಲ. ಅಲ್ಲಿದ್ದದ್ದು ಗೋಡೆಯ ಹಸಿರು, ಬಿಸಿಲು ಹೊಗೆ ಮುಟ್ಟದ ಮೊದಲ ದಿನದ ಹಸಿರು.

"ಇದಕ್ಕೆ ಪುಡಿ ಬೇಡ," ಅಂದಳು. ಆಮೇಲೆ ಕಣ್ಣೊರೆಸಿಕೊಂಡಳು, ಮುಖವೆಲ್ಲ ಬಿಳಿ ಮಾಡಿಕೊಂಡಳು. ಅಣ್ಣ ತನ್ನ ತೋಳಿನಿಂದ ಒರೆಸಲು ಹೋಗಿ ಸೈಕಲ್ಲಿನ ಗ್ರೀಸು ಬಳಿದ. ಆ ಮುಖ ಇಟ್ಟುಕೊಂಡೇ ಅವಳು ಬಸ್ಸು ಹತ್ತಿದಳು.

ಗೋಡೆ ಮಾರನೆಯ ದಿನ ಬಿತ್ತು. ನೋಡಲು ಅವಳು ಹೋಗಲಿಲ್ಲ, ಕೆಲಸ ಇತ್ತು. ಹೊಸ ಅಂಗಡಿಯಲ್ಲಿ ಈಗ ಹೊಸ ಗೋಡೆ ಇದೆ, ನೀಲಿಯದು. ಬಣ್ಣ ಬಳಿದ ಮೇಲೆ ಎಲ್ಲರೂ ಹೊಸ ಗುರುತು ಹಿಡಿದು ಬಂದಿದ್ದರು, ಅಣ್ಣನೂ ಬಂದಿದ್ದ. ಅವನು ಗೋಡೆಗೆ ಬೆರಳ ಹಿಂಬದಿ ತಾಗಿಸಿ ನೋಡಿ, ಇನ್ನೂ ಒಣಗಬೇಕು, ಮನೆಗೆ ಹೋಗಿ ಅಂತ ನಮ್ಮನ್ನೆಲ್ಲ ಅಟ್ಟಿದ. ಅವನು ಕಸುಬಿಗೆ ವಾಪಸ್ಸು ಬರಲಿಲ್ಲ, ಸೈಕಲ್ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ರಜೆಯ ದಿನ ತಂಗಿಯ ಮನೆಗೆ ಬಂದು ಮೇಣದ ಕಾಗದ ಕತ್ತರಿಸಲು ಕೂರುತ್ತಾನೆ. ಅತ್ತೆಗೆ ಬೈಯಲು ಹೊಸ ಆಳು ಸಿಕ್ಕಿದ್ದಾನೆ.

ಪೆಟ್ಟಿಗೆ ಈಗಲೂ ಮಂಚದ ಕೆಳಗೇ ಇದೆ. ಯಾರೇ ಬಂದು ಕೇಳಿದರೂ ಪುಡಿಯಕ್ಕ ಕೈ ತೊಳೆದು, ಒರೆಸಿ, ಒಂದೊಂದಾಗಿ ತೆಗೆದು ತೋರಿಸುತ್ತಾಳೆ. ಕಾಗೆ, ಬಾಲವಿಲ್ಲದ ಮೀನು, ಮೂರು ಕಾಲಿನ ಕುರ್ಚಿ, ಮೀಸೆಯ ಚಂದ್ರ, ಎಲ್ಲವೂ ಮುಖ ಮೇಲಾಗಿ ಮಲಗಿವೆ. ಒಂದು ಮಾತ್ರ ಬೋರಲು ಮಲಗಿದೆ, ಹಸಿರು ಬೆನ್ನು ಮೇಲಾಗಿ. ಮೊನ್ನೆ ನೋಡಲು ಬಂದ ಹೆಣ್ಣುಮಗಳೊಬ್ಬಳು, ಇದೊಂದು ತಿರುಗುಮುರುಗಾಗಿದೆಯಲ್ಲ ಅಂತ ಸರಿಮಾಡಲು ಕೈ ಚಾಚಿದಳು.

ಮೂಲೆಯಲ್ಲಿ ಕಾಗದ ಕತ್ತರಿಸುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು:

"ಹಂಗೇ ಇರ್ಲಿ ಬಿಡಮ್ಮ. ಅದು ಗೋಡೆ."